ಬಾಡಿಗೆಗೆ ಕೊಟ್ಟ ಹಳೆಯ ಮನೆ ಮಾರುವ ಮುನ್ನ: ಬಂಡವಾಳ ಲಾಭ ತೆರಿಗೆಯ ಕುರಿತು ಮಾಹಿತಿ

ಕರಾವಳಿಯ ನಮ್ಮ ಕುಟುಂಬಗಳಲ್ಲಿ ಈಗ ಸಾಮಾನ್ಯವಾಗಿ ಕಂಡುಬರುವ ಸಂಗತಿ ಇದು. ಮನೆಮಂದಿಯೆಲ್ಲಾ ಬಾಳಿ ಬದುಕಿದ ಮನೆ. ಮಕ್ಕಳು ಉದ್ಯೋಗ ನಿಮಿತ್ತ ಮುಂಬೈ, ಬೆಂಗಳೂರು ಅಥವಾ ಗಲ್ಫ್ ಸೇರುತ್ತಾರೆ. ಹೆತ್ತವರು ವಯಸ್ಸಾದ ಮೇಲೆ ಮಗನ ಅಥವಾ ಮಗಳ ಫ್ಲ್ಯಾಟಿಗೆ ಹೋಗುತ್ತಾರೆ. ಮನೆ ಪಾಳುಬೀಳಬಾರದೆಂದು ಬಾಡಿಗೆಗೆ ಕೊಡುತ್ತಾರೆ. ಹತ್ತು ಹದಿನೈದು ವರ್ಷ ಕಳೆದ ಮೇಲೆ ಮಾರಾಟದ ಮಾತು ಬರುತ್ತದೆ. ಆಗ ಮರಣ ಪ್ರಮಾಣಪತ್ರ, ಹೆತ್ತವರ ಮದುವೆಯ ದಾಖಲೆ, ಜ್ಞಾನಸ್ನಾನದ ದಾಖಲೆ ಕೇಳಿಕೊಂಡು ಚರ್ಚ್ ಕಚೇರಿಗೆ ಬರುತ್ತಾರೆ. ಕ್ರಯಪತ್ರದಲ್ಲಿ ಮನೆಯಲ್ಲಿ ಕರೆಯುವ ಹೆಸರು, ಪಾನ್ ಕಾರ್ಡಿನಲ್ಲಿ ಜ್ಞಾನಸ್ನಾನದ ಹೆಸರು ಇರುವವರು ನಮ್ಮಲ್ಲಿ ಒಬ್ಬಿಬ್ಬರಲ್ಲ.

ಆದರೆ ತೆರಿಗೆಯ ಪ್ರಶ್ನೆ ಕೇಳುವುದು ಹೆಚ್ಚಾಗಿ ನೋಂದಣಿ ಮುಗಿದು ಹಣ ಹಂಚಿಹೋದ ಮೇಲೆ. ಅಷ್ಟರಲ್ಲಿ ಕೆಲವು ದಾರಿಗಳು ಮುಚ್ಚಿರುತ್ತವೆ. ಹಾಗಾಗಿ ಮಾರುವ ಮುನ್ನವೇ ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ಕೊಡಲಾಗಿದೆ. ಇದನ್ನು ಓದಿದ ಮೇಲೂ ಒಬ್ಬ ಸಿಎ ಅವರನ್ನು ಕಾಣಲೇಬೇಕು. ಕಾಣುವಾಗ ಏನು ಕೇಳಬೇಕು, ಯಾವ ಕಾಗದ ಕೊಂಡೊಯ್ಯಬೇಕು ಎಂದು ತಿಳಿಯಲು ಈ ಲೇಖನ ಸಾಕು.

ಒಂದು ಮಾತು ಮೊದಲೇ ಹೇಳಿಬಿಡಬೇಕು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗದಲ್ಲಿ 2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ. ಕಲಮುಗಳ ಸಂಖ್ಯೆ ಬದಲಾಗಿದೆ, ಆದರೆ ಮನೆ ಮಾರಾಟದ ಮಟ್ಟಿಗೆ ತಿರುಳು ಹಿಂದಿನದೇ. ಹಳೆಯ 54ನೇ ಕಲಮು ಹೊಸದರಲ್ಲಿ 82 ಆಗಿದೆ, 54ಇಸಿ 85 ಆಗಿದೆ, 54ಎಫ್ 86 ಆಗಿದೆ. ಜನರ ಬಾಯಲ್ಲಿ ಇನ್ನೂ ಹಳೆಯ ಸಂಖ್ಯೆಗಳೇ ಇರುವುದರಿಂದ ಇಲ್ಲಿಯೂ ಅವನ್ನೇ ಬಳಸಲಾಗಿದೆ.

ವಾಸವಿದ್ದ ಮನೆ ಎಂಬ ಕಾರಣಕ್ಕೆ ವಿನಾಯಿತಿ ಇದೆಯೇ?

ಇಲ್ಲ. ನಮ್ಮಲ್ಲಿ ಅತಿ ಹೆಚ್ಚು ತಪ್ಪು ತಿಳುವಳಿಕೆ ಇರುವುದು ಇಲ್ಲಿಯೇ. ಇದಕ್ಕೆ ಒಂದು ಕಾರಣ ವಿದೇಶದಲ್ಲಿರುವ ಬಂಧುಗಳ ಸಲಹೆ. ಅಮೆರಿಕದಲ್ಲಿ ಮಾರಾಟಕ್ಕೆ ಮುಂಚಿನ 5 ವರ್ಷಗಳಲ್ಲಿ ಒಟ್ಟು 2 ವರ್ಷವಾದರೂ ಮಾಲೀಕರು ಆ ಮನೆಯಲ್ಲಿ ವಾಸವಿದ್ದರೆ 2,50,000 ಡಾಲರ್, ದಂಪತಿಗೆ 5,00,000 ಡಾಲರ್ ತನಕದ ಲಾಭಕ್ಕೆ ವಿನಾಯಿತಿ ಇದೆ. ಆಸ್ಟ್ರೇಲಿಯದಲ್ಲಿ ಅಲ್ಲಿನ ನಿವಾಸಿಗಳು ತಮ್ಮ ವಾಸದ ಮನೆಯನ್ನು 6 ವರ್ಷಗಳ ತನಕ ಬಾಡಿಗೆಗೆ ಕೊಟ್ಟರೂ ವಿನಾಯಿತಿ ಉಳಿಸಿಕೊಳ್ಳಬಹುದು. ಅಲ್ಲಿರುವ ಮಗ ಫೋನಿನಲ್ಲಿ ಹೇಳುವುದು ಅಲ್ಲಿಯ ಕಾನೂನು. ಮಂಗಳೂರಿನ ಮನೆಗೆ ಅದು ಅನ್ವಯಿಸುವುದಿಲ್ಲ.

ಭಾರತದಲ್ಲಿ ವಾಸವಿದ್ದರೋ ಇಲ್ಲವೋ, ಬಾಡಿಗೆಗೆ ಎಷ್ಟು ವರ್ಷ ಕೊಟ್ಟಿದ್ದರೋ ಎಂಬುದು ಮುಖ್ಯವಲ್ಲ. ಹೀಗಾಗಿ ‘ನಾವೇ ಇದ್ದ ಮನೆ, ತೆರಿಗೆ ಇಲ್ಲ’ ಎನ್ನುವುದೂ ತಪ್ಪು, ‘ಬಾಡಿಗೆಗೆ ಕೊಟ್ಟು ವಿನಾಯಿತಿ ಕಳೆದುಕೊಂಡೆವು’ ಎಂದು ಕೊರಗುವುದೂ ತಪ್ಪು. ಇಲ್ಲಿ ಲೆಕ್ಕಕ್ಕೆ ಬರುವುದು ಮೂರು ಸಂಗತಿಗಳು: ಮನೆ ಎಷ್ಟು ಕಾಲ ಕೈಯಲ್ಲಿತ್ತು, ಅದಕ್ಕೆ ಖರ್ಚಾದದ್ದಕ್ಕೆ ಕಾಗದ ಇದೆಯೇ, ಮಾರಿದ ಹಣ ಎಲ್ಲಿಗೆ ಹೋಯಿತು.

‘12 ಲಕ್ಷದ ತನಕ ತೆರಿಗೆ ಇಲ್ಲವಲ್ಲ ಫಾದರ್’ ಎಂದು ಕೇಳುವವರೂ ಇದ್ದಾರೆ. ಆ ರಿಯಾಯಿತಿ ಸಂಬಳ, ಪಿಂಚಣಿ, ಬಡ್ಡಿಯಂಥ ಆದಾಯಕ್ಕೆ ಮಾತ್ರ. ಮನೆ ಮಾರಿದ ಲಾಭಕ್ಕೆ ಪ್ರತ್ಯೇಕ ದರ ಇರುವುದರಿಂದ ಅದು ಇದಕ್ಕೆ ಸಿಗುವುದಿಲ್ಲ. ಬೇರೆ ಆದಾಯವೇ ಇಲ್ಲದ, ಭಾರತದಲ್ಲಿಯೇ ನೆಲೆಸಿರುವ ತಾಯಿಯೊಬ್ಬರು ಮನೆ ಮಾರಿದರೆ ಹೊಸ ಪದ್ಧತಿಯಲ್ಲಿ ಮೂಲ ವಿನಾಯಿತಿಯಾದ 4 ಲಕ್ಷ ರೂಪಾಯಿಯನ್ನು ಮಾತ್ರ ಲಾಭದಿಂದ ಕಳೆಯಬಹುದು.

ಲೆಕ್ಕ ಹೇಗೆ?

ಮನೆ 24 ತಿಂಗಳಿಗಿಂತ ಹೆಚ್ಚು ಕಾಲ ಕೈಯಲ್ಲಿದ್ದರೆ ಅದು ದೀರ್ಘಾವಧಿ ಆಸ್ತಿ. ಅದಕ್ಕಿಂತ ಬೇಗ ಮಾರಿದರೆ ಲಾಭವನ್ನು ಉಳಿದ ಆದಾಯಕ್ಕೆ ಸೇರಿಸಿ ಮಾಮೂಲು ದರದಲ್ಲಿ ತೆರಿಗೆ ಹಾಕುತ್ತಾರೆ. ನಮ್ಮ ವಿಷಯ ದೀರ್ಘಾವಧಿಯದು.

2024ರ ಜುಲೈ 23ರಿಂದ ದೀರ್ಘಾವಧಿ ಲಾಭಕ್ಕೆ 12.5% ತೆರಿಗೆ. ಇಲ್ಲಿ ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ ಲೆಕ್ಕ ಹಾಕುವ ಹಾಗಿಲ್ಲ. ಆದರೆ ಆ ದಿನಾಂಕಕ್ಕೆ ಮೊದಲೇ ಕೈಗೆ ಬಂದ ನೆಲ ಅಥವಾ ಮನೆಯನ್ನು ಭಾರತದ ನಿವಾಸಿಗಳು ಮಾರಿದರೆ, ಹಳೆಯ ಕ್ರಮದಂತೆ ಬೆಲೆ ಏರಿಸಿ 20% ಲೆಕ್ಕ ಹಾಕಿ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಅನಿವಾಸಿಗಳಿಗೆ ಈ ಆಯ್ಕೆ ಇಲ್ಲ.

ಒಂದು ಉದಾಹರಣೆ ನೋಡೋಣ. 2005ರ ಕೊನೆಯಲ್ಲಿ 12 ಲಕ್ಷಕ್ಕೆ ಕೊಂಡ ಮನೆಯನ್ನು 2025ರ ಡಿಸೆಂಬರಿನಲ್ಲಿ 75 ಲಕ್ಷಕ್ಕೆ ಮಾರಲಾಯಿತು ಎಂದಿಟ್ಟುಕೊಳ್ಳಿ. ದಲ್ಲಾಳಿ ಮತ್ತು ವಕೀಲರ ಖರ್ಚು 1 ಲಕ್ಷ. ನೇರ ಲೆಕ್ಕದಲ್ಲಿ ಲಾಭ 62 ಲಕ್ಷ, 12.5%ರಂತೆ ತೆರಿಗೆ 7,75,000 ರೂಪಾಯಿ. ಇನ್ನು ಹಳೆಯ ಕ್ರಮ. ಸರಕಾರ ಪ್ರತಿವರ್ಷ ಪ್ರಕಟಿಸುವ ಸೂಚ್ಯಂಕ 2005-06ಕ್ಕೆ 117, 2025-26ಕ್ಕೆ 376. 12 ಲಕ್ಷವನ್ನು 376ರಿಂದ ಗುಣಿಸಿ 117ರಿಂದ ಭಾಗಿಸಿದರೆ 38,56,410. ಲಾಭ 35,43,590ಕ್ಕೆ ಇಳಿಯುತ್ತದೆ, 20%ರಂತೆ ತೆರಿಗೆ 7,08,718. ಅಂದರೆ ಹಳೆಯ ಕ್ರಮವೇ ಸುಮಾರು 66 ಸಾವಿರ ಅಗ್ಗ. ಎರಡರ ಮೇಲೂ 4% ಸೆಸ್ ಬೇರೆ ಇದೆ.

ಈಗ ಅದೇ ಮನೆಗೆ 2012-13ರಲ್ಲಿ 5 ಲಕ್ಷ ಖರ್ಚು ಮಾಡಿ ಮೇಲಂತಸ್ತು ಕಟ್ಟಿಸಿದ್ದರು ಎಂದುಕೊಳ್ಳಿ. ಆ ವರ್ಷದ ಸೂಚ್ಯಂಕ 200. 5 ಲಕ್ಷ ಏರಿ 9,40,000 ಆಗುತ್ತದೆ, ತೆರಿಗೆ 5,20,718ಕ್ಕೆ ಇಳಿಯುತ್ತದೆ. ಕಂಟ್ರಾಕ್ಟರರ ಬಿಲ್ಲು, ಚೆಕ್ಕಿನ ದಾಖಲೆ, ಪಂಚಾಯತಿನ ಪರವಾನಗಿ ಪತ್ರ, ಇಷ್ಟು ಕಾಗದ ಕಪಾಟಿನಲ್ಲಿ ಇದ್ದುದರಿಂದ ಉಳಿದ ಹಣ 1,88,000 ರೂಪಾಯಿ. ನಮ್ಮ ಜನ ಮೇಸ್ತ್ರಿಗೆ ವಾರವಾರ ಕೈಯಲ್ಲಿ ಹಣ ಕೊಟ್ಟು ಮನೆ ಕಟ್ಟಿಸುವವರು. ಮರಳು, ಕೆಂಪುಕಲ್ಲು, ಸಿಮೆಂಟಿನ ರಶೀದಿ ಗೃಹಪ್ರವೇಶದ ಮರುದಿನವೇ ಒಲೆಗೆ ಹೋಗಿರುತ್ತದೆ. ಇನ್ನು ಮುಂದೆ ಕಟ್ಟಿಸುವವರಾದರೂ ಗಮನಿಸಬೇಕು. ಬಣ್ಣ ಬಳಿಸಿದ್ದು, ಹಂಚು ಬದಲಿಸಿದ್ದು, ನಲ್ಲಿ ರಿಪೇರಿ ಮಾಡಿಸಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಹೊಸ ಕೋಣೆ, ಮೇಲಂತಸ್ತು, ಬಾವಿ, ಆವರಣ ಗೋಡೆಯಂತಹವು ಬರುತ್ತವೆ.

ಹಿರಿಯರಿಂದ ಬಂದ ಮನೆ

ಹಿರಿಯರ ಆಸ್ತಿ ಪಾಲಿಗೆ ಬಂದಾಗ ತೆರಿಗೆ ಇಲ್ಲ. ಅದನ್ನು ಮಾರಿದಾಗ ಇದೆ. ಮಾರುವವರಿಗೆ ಅದು ಪುಕ್ಕಟೆ ಸಿಕ್ಕಿದ್ದರೂ ಹಣ ಕೊಟ್ಟು ಕೊಂಡ ಹಿರಿಯರ ಬೆಲೆಯೇ ಅಸಲು ಎಂದು ಕಾನೂನು ಹಿಡಿಯುತ್ತದೆ. 24 ತಿಂಗಳ ಲೆಕ್ಕವೂ ಅವರ ಕಾಲದಿಂದಲೇ. ತಂದೆ ತೀರಿಕೊಂಡು ಆರು ತಿಂಗಳಿಗೆ ಮಾರಿದರೂ ಅದು ದೀರ್ಘಾವಧಿ ಆಸ್ತಿಯೇ. ತಂದೆತಾಯಿ ಬದುಕಿರುವಾಗಲೇ ಸೆಟಲ್‌ಮೆಂಟ್ ಮಾಡಿಕೊಟ್ಟಿದ್ದರೂ ಇದೇ ನಿಯಮ.

ಅಜ್ಜ 1960ರಲ್ಲಿ ಕೊಂಡ ಜಾಗದ ಬೆಲೆ ಕೆಲವು ಸಾವಿರ ಮಾತ್ರ ಇರಬಹುದು. ಅಂಥವರಿಗಾಗಿ ಕಾನೂನು ಒಂದು ಸವಲತ್ತು ಕೊಟ್ಟಿದೆ. 2001ರ ಏಪ್ರಿಲ್ 1ಕ್ಕೆ ಮೊದಲು ಕುಟುಂಬದ ಕೈಗೆ ಬಂದ ಆಸ್ತಿಗೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಅಸಲು ಎಂದು ತೋರಿಸಬಹುದು. ಅಧಿಕೃತ ಮೌಲ್ಯಮಾಪಕರಿಂದ ವರದಿ ಪಡೆಯಬೇಕು. ಆದರೆ ಆ ದಿನದ ಸರಕಾರಿ ಮಾರ್ಗಸೂಚಿ ಬೆಲೆ ಲಭ್ಯವಿದ್ದರೆ ಅದಕ್ಕಿಂತ ಹೆಚ್ಚು ತೋರಿಸುವಂತಿಲ್ಲ. ಆದ್ದರಿಂದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ 2001ರ ದರ ಮೊದಲು ವಿಚಾರಿಸಿ, ಆಮೇಲೆ ಮೌಲ್ಯಮಾಪಕರಲ್ಲಿಗೆ ಹೋಗುವುದು ಒಳ್ಳೆಯದು. 2001ರಲ್ಲಿ 6 ಲಕ್ಷ ಬೆಲೆಯಿದ್ದ ಮನೆಯ ಅಸಲು 2025-26ರ ಸೂಚ್ಯಂಕದಲ್ಲಿ 22,56,000 ಆಗುತ್ತದೆ.

ಮನೆ ಹಲವರ ಪಾಲಾಗಿದ್ದರೆ ತೆರಿಗೆಯೂ ಅವರವರ ಪಾಲಿಗೆ ಪ್ರತ್ಯೇಕ. ಉಯಿಲು ಇಲ್ಲದೆ ತೀರಿಕೊಂಡ ಕ್ರೈಸ್ತರ ಆಸ್ತಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಹಂಚಿಕೆಯಾಗುತ್ತದೆ: ಪತ್ನಿಗೆ ಮೂರನೇ ಒಂದು ಭಾಗ, ಉಳಿದ ಎರಡು ಭಾಗ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮನಾಗಿ. ಮದುವೆಯಾಗಿ ಹೋದ ಮಗಳಿಗೂ ಇದೇ ಪಾಲು. ಮಾರಾಟಕ್ಕೆ ಮುಂಚೆ ಆಕೆಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ರೂಢಿ ನಮ್ಮಲ್ಲಿದೆ. ಆಕೆಗೆ ಹಣ ಕೊಟ್ಟು ಹಾಗೆ ಮಾಡಿಸಿದರೆ ಕಾನೂನಿನ ದೃಷ್ಟಿಯಲ್ಲಿ ಆಕೆ ತನ್ನ ಪಾಲನ್ನು ಮಾರಿದಂತೆಯೇ. ತೆರಿಗೆಯ ಹೊಣೆ ಆಕೆಗೂ ಬರುತ್ತದೆ. ಇದನ್ನು ಆಕೆಗೆ ತಿಳಿಸದೆ ಸಹಿ ಪಡೆಯುವುದು ಸರಿಯಲ್ಲ. ಎಲ್ಲರೂ ಒಟ್ಟಿಗೆ ಒಂದೇ ಕ್ರಯಪತ್ರಕ್ಕೆ ಸಹಿ ಹಾಕಿ, ಹಣ ಅವರವರ ಬ್ಯಾಂಕ್ ಖಾತೆಗೇ ಬಂದರೆ ಪ್ರತಿಯೊಬ್ಬರೂ ಮುಂದೆ ಹೇಳುವ ವಿನಾಯಿತಿಗಳನ್ನು ಬೇರೆ ಬೇರೆಯಾಗಿ ಪಡೆಯಬಹುದು.

ತೆರಿಗೆ ಉಳಿಸುವ ದಾರಿಗಳು

ಮುಖ್ಯವಾದುದು 54ನೇ ಕಲಮು. ಮನೆ ಮಾರಿದ ಲಾಭದಿಂದ ಭಾರತದಲ್ಲಿ ಇನ್ನೊಂದು ವಾಸದ ಮನೆ ಕೊಂಡರೆ ಅಷ್ಟರ ಮಟ್ಟಿಗೆ ತೆರಿಗೆ ಇಲ್ಲ. ಮಾರಾಟಕ್ಕೆ 1 ವರ್ಷ ಮೊದಲು ಅಥವಾ 2 ವರ್ಷದೊಳಗೆ ಕೊಂಡಿರಬೇಕು, ಕಟ್ಟಿಸುವುದಾದರೆ 3 ವರ್ಷದೊಳಗೆ ಮುಗಿಸಬೇಕು. ಹೂಡಬೇಕಾದದ್ದು ಲಾಭದ ಮೊತ್ತವನ್ನು, ಮಾರಿದ ಪೂರ್ತಿ ಹಣವನ್ನಲ್ಲ. ಲಾಭ 2 ಕೋಟಿ ಮೀರದಿದ್ದರೆ ಜೀವಮಾನದಲ್ಲಿ ಒಂದು ಬಾರಿ ಎರಡು ಮನೆಗಳಲ್ಲಿ ಹೂಡಬಹುದು. ಹೊಸ ಮನೆಯನ್ನು 3 ವರ್ಷದೊಳಗೆ ಮಾರಿದರೆ ಉಳಿಸಿದ ತೆರಿಗೆ ಬೇರೆ ರೂಪದಲ್ಲಿ ಹಿಂದಿರುಗಿ ಬರುತ್ತದೆ. ಮಾರಿದ ಮನೆ ಬಾಡಿಗೆಯಲ್ಲಿತ್ತು ಎಂಬುದು ಇಲ್ಲಿ ಅಡ್ಡಿಯಲ್ಲ. ಹೊಸ ಮನೆಯನ್ನು ಬಾಡಿಗೆಗೆ ಕೊಟ್ಟರೂ ಅಡ್ಡಿಯಿಲ್ಲ.

ಹೊಸ ಮನೆಯನ್ನು ಮಾರಿದವರ ಹೆಸರಿನಲ್ಲಿಯೇ ಕೊಳ್ಳುವುದು ಕ್ಷೇಮ. ತಾಯಿಯ ಮನೆ ಮಾರಿ ಮಗನ ಹೆಸರಿನಲ್ಲಿ ಫ್ಲ್ಯಾಟ್ ಕೊಂಡು, ಕೊನೆಗೆ ತಾಯಿಗೆ ನೋಟೀಸು ಬಂದಾಗ ಕಂಗಾಲಾಗುವುದು ಬೇಡ.

ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಹೊಸ ಮನೆ ಸಿಗದಿದ್ದರೆ ಆ ಹಣವನ್ನು ಸಾಮಾನ್ಯ ಎಸ್‌ಬಿ ಖಾತೆಯಲ್ಲಿ ಇಟ್ಟರೆ ಸಾಲದು. 1988ರ ಬಂಡವಾಳ ಲಾಭ ಖಾತೆ ಯೋಜನೆಯಡಿ ಬೇರೆ ಖಾತೆ ತೆರೆದು ಅದರಲ್ಲಿ ಇಡಬೇಕು. ಬ್ಯಾಂಕಿನ ಗ್ರಾಮೀಣ ಶಾಖೆಗಳಲ್ಲಿ ಈ ಖಾತೆ ತೆರೆಯಲಾಗದು, ಆದ್ದರಿಂದ ಊರಿನ ಶಾಖೆಯಲ್ಲಿ ಕೊನೆಯ ದಿನದ ತನಕ ಕಾಯದೆ ಪೇಟೆಯ ಶಾಖೆಯಲ್ಲಿ ಮೊದಲೇ ವಿಚಾರಿಸಿರಿ. ನಿಗದಿತ ಅವಧಿಯಲ್ಲಿ ಬಳಸದೆ ಉಳಿದ ಹಣಕ್ಕೆ ಆಮೇಲೆ ತೆರಿಗೆ ಬೀಳುತ್ತದೆ.

ಇನ್ನೊಂದು ಮನೆ ಬೇಡ ಎನ್ನುವ ಹಿರಿಯರಿಗೆ 54ಇಸಿ ಬಾಂಡುಗಳಿವೆ. ಆರ್‌ಇಸಿ, ಪಿಎಫ್‌ಸಿ, ಐಆರ್‌ಎಫ್‌ಸಿ ಮೊದಲಾದ ಸರಕಾರಿ ಸಂಸ್ಥೆಗಳು ಇವನ್ನು ಕೊಡುತ್ತವೆ. ಮಾರಿದ 6 ತಿಂಗಳೊಳಗೆ, ಒಬ್ಬರಿಗೆ ಗರಿಷ್ಠ 50 ಲಕ್ಷ. 5 ವರ್ಷ ಹಣ ತೆಗೆಯುವಂತಿಲ್ಲ. ಬಡ್ಡಿಗೆ ತೆರಿಗೆ ಇದೆ. ವಯಸ್ಸಾದವರು ಆಸ್ಪತ್ರೆ ಖರ್ಚಿಗೆ ಬೇಕಾಗುವಷ್ಟು ಹಣ ಹೊರಗಿಟ್ಟುಕೊಂಡೇ ಬಾಂಡಿಗೆ ಹಾಕಬೇಕೆಂಬುದು ನನ್ನ ಅಭಿಪ್ರಾಯ. ತೆರಿಗೆ ಉಳಿಸುವ ಭರದಲ್ಲಿ ಕೈ ಬರಿದು ಮಾಡಿಕೊಂಡವರಿದ್ದಾರೆ.

ಹಳೆಯ ಹಂಚಿನ ಮನೆಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಖರೀದಿದಾರರು ‘ಮನೆ ಕೆಡವಿ ಜಾಗ ಸಮತಟ್ಟು ಮಾಡಿ ಕೊಡಿ’ ಎಂದು ಕೇಳುವುದುಂಟು. ಕೆಡವಿದ ಮೇಲೆ ಮಾರುವುದು ಮನೆಯಲ್ಲ, ಬರಿಯ ನೆಲ. ಆಗ 54ನೇ ಕಲಮು ಸಿಗದು. ಸಿಗುವುದು 54ಎಫ್, ಅದರಲ್ಲಿ ಪೂರ್ತಿ ವಿನಾಯಿತಿಗೆ ಲಾಭ ಮಾತ್ರವಲ್ಲ, ಖರ್ಚು ಕಳೆದು ಬಂದ ಪೂರ್ತಿ ಹಣವನ್ನು ಹೊಸ ಮನೆಗೆ ಹಾಕಬೇಕು. ಮಾರುವ ದಿನ ಬೇರೆ ಒಂದಕ್ಕಿಂತ ಹೆಚ್ಚು ಮನೆಗಳಿದ್ದರೆ ಅದೂ ಇಲ್ಲ. ಕೆಡವುವ ಕೆಲಸವನ್ನು ಕೊಂಡವರೇ ಆಮೇಲೆ ಮಾಡಿಕೊಳ್ಳಲಿ.

ತೋಟ ಇರುವ ಮನೆಯಾದರೆ ಇನ್ನೊಂದು ಮಾತಿದೆ. ಗ್ರಾಮೀಣ ಕೃಷಿಭೂಮಿ ಮಾರಿದ ಲಾಭಕ್ಕೆ ತೆರಿಗೆಯೇ ಇಲ್ಲ. ಗ್ರಾಮೀಣ ಎಂದರೆ ಪುರಸಭೆ, ನಗರಸಭೆಗಳ ಗಡಿಯ ಒಳಗೆ ಇರಬಾರದು, ಹೊರಗೂ ಇಷ್ಟು ದೂರ ಇರಬೇಕು: ಆ ಪಟ್ಟಣದ ಜನಸಂಖ್ಯೆ 10 ಸಾವಿರದಿಂದ 1 ಲಕ್ಷದೊಳಗಿದ್ದರೆ 2 ಕಿಲೋಮೀಟರ್, 1ರಿಂದ 10 ಲಕ್ಷದೊಳಗಿದ್ದರೆ 6, ಅದಕ್ಕೂ ಹೆಚ್ಚಿದ್ದರೆ 8. ಮಂಗಳೂರು ನಗರಕ್ಕೆ 6 ಕಿಲೋಮೀಟರಿನ ಲೆಕ್ಕ. ದೂರವನ್ನು ರಸ್ತೆಯ ಮೇಲಲ್ಲ, ನೇರ ಗೆರೆಯಲ್ಲಿ ಅಳೆಯುತ್ತಾರೆ. ಅಡಿಕೆ, ತೆಂಗಿನ ತೋಟವೂ ಮನೆಯೂ ಒಂದೇ ಕ್ರಯಪತ್ರದಲ್ಲಿ ಹೋಗುವುದಾದರೆ ತೋಟದ ಬೆಲೆ ಎಷ್ಟು, ಮನೆ ಮತ್ತು ಹಿತ್ತಿಲಿನ ಬೆಲೆ ಎಷ್ಟು ಎಂದು ಪತ್ರದಲ್ಲಿ ಬೇರೆ ಬೇರೆ ಬರೆಯಿಸಬೇಕು. ಪಹಣಿಯಲ್ಲಿ ಬೆಳೆ ನಮೂದಾಗಿದೆಯೇ ಎಂದೂ ನೋಡಬೇಕು.

ಬಾಡಿಗೆ ಬಂದ ವರ್ಷಗಳು

ಬಾಡಿಗೆಯಿಂದ ಕಟ್ಟಡ ತೆರಿಗೆ ಕಳೆದು, ಉಳಿದುದರಲ್ಲಿ 30% ರಿಪೇರಿಗೆಂದು ಬಿಟ್ಟು ಬಾಕಿಗೆ ತೆರಿಗೆ ಹಾಕುತ್ತಾರೆ. ಈ 30% ಪಡೆದ ಕಾರಣಕ್ಕೆ ಮಾರುವಾಗ ಅಸಲು ಕಡಿಮೆಯಾಗುವುದಿಲ್ಲ. ಆದರೆ ಗೃಹಸಾಲದ ಬಡ್ಡಿಯನ್ನು ಬಾಡಿಗೆ ಲೆಕ್ಕದಲ್ಲಿ ಒಮ್ಮೆ ಕಳೆದಿದ್ದರೆ ಅದನ್ನೇ ಮತ್ತೆ ಅಸಲಿಗೆ ಸೇರಿಸುವಂತಿಲ್ಲ. 2023-24ರಿಂದ ಇದು ಸ್ಪಷ್ಟವಾಗಿ ಕಾನೂನಿನಲ್ಲಿದೆ. ಬಾಡಿಗೆಯನ್ನು ಇಷ್ಟು ವರ್ಷ ತೋರಿಸದವರು ಮಾರಾಟದ ವರ್ಷದಲ್ಲಿ ಪ್ರಶ್ನೆಗೆ ಸಿದ್ಧರಿರಬೇಕು. ಮನೆ ಮಾರಿದ ವರ್ಷ ಐಟಿಆರ್-1 ನಡೆಯದು, ಉದ್ಯಮ ಇಲ್ಲದವರು ಐಟಿಆರ್-2 ಸಲ್ಲಿಸಬೇಕು.

ಕಾಗದದ ಬೆಲೆ, ಕೈಯ ಬೆಲೆ

ನಿಜವಾದ ಬೆಲೆ ಒಂದು, ಪತ್ರದಲ್ಲಿ ಬರೆಯುವುದು ಇನ್ನೊಂದು, ಉಳಿದುದು ನಗದಾಗಿ. ಈ ಅಭ್ಯಾಸ ತಪ್ಪು ಎಂಬುದಷ್ಟೇ ಅಲ್ಲ, ಮಾರುವವರಿಗೇ ನಷ್ಟ. ಪತ್ರದಲ್ಲಿ ಬರೆದ ಬೆಲೆಗಿಂತ ಮಾರ್ಗಸೂಚಿ ಬೆಲೆ 10%ಕ್ಕಿಂತ ಹೆಚ್ಚಿದ್ದರೆ ಮಾರ್ಗಸೂಚಿ ಬೆಲೆಗೇ ಮಾರಿದ್ದೀರಿ ಎಂದು ತೆರಿಗೆ ಹಾಕುತ್ತಾರೆ. ಸ್ಥಿರಾಸ್ತಿಗೆ 20,000 ಅಥವಾ ಹೆಚ್ಚು ಹಣ ನಗದಾಗಿ ಪಡೆದರೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ಅದೂ ಅಲ್ಲದೆ ನಗದು ಹಣವನ್ನು ಹೊಸ ಮನೆಗೆ ಹಾಕಿ ವಿನಾಯಿತಿ ಕೇಳುವುದು ಹೇಗೆ?

ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು 1% ಟಿಡಿಎಸ್ ಕಡಿದು ಉಳಿದುದನ್ನು ಕೊಡಬೇಕು. 2024ರ ಅಕ್ಟೋಬರ್ 1ರಿಂದ ಮಾರುವವರು ಹಲವರಿದ್ದು ಒಬ್ಬೊಬ್ಬರ ಪಾಲು 50 ಲಕ್ಷಕ್ಕಿಂತ ಕಡಿಮೆ ಇದ್ದರೂ ಒಟ್ಟು ಬೆಲೆಯನ್ನೇ ನೋಡುತ್ತಾರೆ. ಕಡಿದ ಹಣ ನಿಮ್ಮ ಪಾನ್ ಸಂಖ್ಯೆಗೆ ಜಮೆಯಾಗಿದೆಯೇ ಎಂದು ನೋಡಿಕೊಳ್ಳಿರಿ.

ವಿದೇಶದಲ್ಲಿರುವವರಿಗೆ

ಮಾರುವವರು ಅನಿವಾಸಿಯಾದರೆ 1% ನಿಯಮ ಇಲ್ಲ, 50 ಲಕ್ಷದ ಮಿತಿಯೂ ಇಲ್ಲ. ದೀರ್ಘಾವಧಿ ಲಾಭದ ದರದಲ್ಲಿಯೇ, ಸರ್‌ಚಾರ್ಜ್ ಮತ್ತು ಸೆಸ್ ಸೇರಿಸಿ ಕಡಿಯಬೇಕು. ಲಾಭ ಎಷ್ಟೆಂದು ಕೊಳ್ಳುವವರಿಗೆ ತಿಳಿಯದ ಕಾರಣ ಅವರು ಪೂರ್ತಿ ಬೆಲೆಯ ಮೇಲೆ ಕಡಿಯುತ್ತಾರೆ. 80 ಲಕ್ಷದ ಮಾರಾಟದಲ್ಲಿ ಹೀಗೆ 14.3%, ಅಂದರೆ 11,44,000 ರೂಪಾಯಿ ಕಡಿದುಹೋಗುತ್ತದೆ. ಲಾಭ 60 ಲಕ್ಷ ಮಾತ್ರ ಇದ್ದರೆ ನಿಜವಾದ ತೆರಿಗೆ ಅದೇ ದರದಲ್ಲಿ 8,58,000. ಹೊಸ ಮನೆ ಕೊಳ್ಳುವವರಾದರೆ ಇನ್ನೂ ಕಡಿಮೆ ಅಥವಾ ಏನೂ ಇಲ್ಲ, ಏಕೆಂದರೆ 54ನೇ ಕಲಮು ಅನಿವಾಸಿಗಳಿಗೂ ಇದೆ. ಹೆಚ್ಚು ಕಡಿದುದನ್ನು ರಿಟರ್ನ್ ಸಲ್ಲಿಸಿ ಮರಳಿ ಪಡೆಯಬೇಕಾಗುತ್ತದೆ.

ಇದನ್ನು ತಪ್ಪಿಸಲು ಮಾರಾಟದ ಕರಾರು ಆದ ಕೂಡಲೇ, ನೋಂದಣಿಗೆ ಮೊದಲು, ಕಡಿಮೆ ಕಡಿತದ ಪ್ರಮಾಣಪತ್ರಕ್ಕಾಗಿ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಬೇಕು. ಹಳೆಯ ಕ್ರಯಪತ್ರ, 2001ರ ಮೌಲ್ಯದ ವರದಿ, ಕರಾರುಪತ್ರ, ಹಿಂದಿನ ರಿಟರ್ನ್‌ಗಳು ಬೇಕಾಗುತ್ತವೆ. ಪ್ರಮಾಣಪತ್ರ ಬರಲು ವಾರಗಳೇ ಹಿಡಿಯುತ್ತವೆ. ಹದಿನೈದು ದಿನದ ರಜೆಯಲ್ಲಿ ಬಂದು ಎಲ್ಲಾ ಮುಗಿಸಿ ಹೋಗುತ್ತೇನೆ ಎನ್ನುವವರಿಗೆ ಇದು ಆಗುವ ಕೆಲಸವಲ್ಲ. ಊರಿನಲ್ಲಿರುವ ಒಬ್ಬರಿಗೆ ಅಧಿಕಾರಪತ್ರ ಕೊಟ್ಟು ಕೆಲಸ ಮೊದಲೇ ಆರಂಭಿಸಬೇಕು. ಮಾರಿದ ಹಣ ಎನ್‌ಆರ್‌ಒ ಖಾತೆಗೆ ಬರುತ್ತದೆ, ಅಲ್ಲಿಂದ ತೆರಿಗೆ ಕಟ್ಟಿದ ಮೇಲೆ ವರ್ಷಕ್ಕೆ 10 ಲಕ್ಷ ಡಾಲರ್ ತನಕ ಹೊರಗೆ ಕೊಂಡೊಯ್ಯಬಹುದು. ಅನಿವಾಸಿ ಮಾಲೀಕರಿಗೆ ಬಾಡಿಗೆ ಕೊಡುವವರೂ 30% ತೆರಿಗೆ ಮತ್ತು ಸೆಸ್ ಕಡಿಯಬೇಕೆಂಬುದು ಹೆಚ್ಚಿನ ಬಾಡಿಗೆದಾರರಿಗೆ ತಿಳಿದೇ ಇಲ್ಲ.

ಗಲ್ಫಿನಿಂದ ಖಾಯಂ ಆಗಿ ಹಿಂದಿರುಗುವ ಯೋಚನೆ ಇರುವವರು ಮಾರಾಟದ ಕಾಲವನ್ನು ಯೋಚಿಸಿ ಆರಿಸಬೇಕು. ನಿವಾಸಿಯೋ ಅನಿವಾಸಿಯೋ ಎಂಬುದು ಮಾರಿದ ವರ್ಷಕ್ಕೆ ಸಂಬಂಧಿಸಿದ್ದು. ಏಪ್ರಿಲ್‌ನಿಂದ ಮಾರ್ಚ್ ತನಕದ ವರ್ಷದಲ್ಲಿ 182 ದಿನ ಊರಿನಲ್ಲಿದ್ದರೆ ಆ ವರ್ಷಕ್ಕೆ ನಿವಾಸಿ. ಮೇಲಿನ ಉದಾಹರಣೆಯ ಮನೆಯನ್ನೇ, ಮೇಲಂತಸ್ತಿನ ಖರ್ಚೂ ಸೇರಿದಂತೆ, ಅನಿವಾಸಿಯಾಗಿ ಮಾರಿದರೆ ತೆರಿಗೆ 7,12,500. ಊರಿಗೆ ಬಂದು ನೆಲೆಸಿದ ಮೇಲೆ ನಿವಾಸಿಯಾಗಿ ಮಾರಿದ್ದರೆ 5,20,718. ಫೆಬ್ರವರಿಯಲ್ಲಿ ಮರಳಿ ಬಂದವರು ಮಾರ್ಚಿನಲ್ಲಿ ಕ್ರಯಪತ್ರಕ್ಕೆ ಅವಸರ ಮಾಡದೆ ಏಪ್ರಿಲ್ ಕಳೆಯುವ ತನಕ ಕಾದು, ಆ ವರ್ಷದ 182 ದಿನ ಊರಿನಲ್ಲಿಯೇ ಇರುವಂತೆ ನೋಡಿಕೊಂಡರೆ ಸೆಸ್ ಬಿಟ್ಟು 1,91,782 ರೂಪಾಯಿ ಉಳಿಯುತ್ತದೆ. ಪಾಸ್‌ಪೋರ್ಟಿನಲ್ಲಿ ಹೋದ ಬಂದ ದಿನಾಂಕಗಳ ಮುದ್ರೆ ಇರುವ ಪುಟಗಳ ಪ್ರತಿಯನ್ನೂ ಕ್ರಯಪತ್ರದ ಜೊತೆಗೆ ಇಟ್ಟುಕೊಳ್ಳಿರಿ.